ಕುಡಿತ ಎಂಬ ಮಾತು ನಾವು ಆಡಲಿಲ್ಲ

ಪರ್ತ್ ನಗರದ ಮೋರ್ಲಿಯಲ್ಲಿ ನಾವು ಮೂವರು ಒಂದು ಬಾಡಿಗೆ ಮನೆ ಹಂಚಿಕೊಂಡಿದ್ದೆವು. ನನ್ನ ಗೆಳೆಯನೂ ನಾನೂ ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಆರು ತಿಂಗಳ ಅಂತರದಲ್ಲಿ ವೀಸಾ ಸಿಕ್ಕಿ ಬಂದವರು. ನಾನು ರಸ್ತೆ, ಸೇತುವೆಗಳ ನಕ್ಷೆ ಮಾಡುವ ಕಚೇರಿ ಸೇರಿದೆ. ಅವನು ಗಣಿಗಳಿಗೆ ಯಂತ್ರ ಒದಗಿಸುವ ಕಂಪನಿಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದ. ಮೂರನೆಯವಳು ಮಂಗಳೂರಿನ ನರ್ಸ್. ಖಾಲಿ ಇದ್ದ ಕೋಣೆಗೆ ನಾವು ಹಾಕಿದ್ದ ಜಾಹೀರಾತು ನೋಡಿ ಬಂದವಳು, ಮೊದಲು ಅಡುಗೆಮನೆಗೆ ಹೋಗಿ ಸಿಂಕ್ ನೋಡಿದಳು. "ಎಂತ ಅವಸ್ಥೆ ಮಾರಾಯ್ರೆ ಇದು," ಎಂದು ಅಂಗಿಯ ತೋಳು ಮಡಚಿ ತೊಳೆಯಲು ನಿಂತಳು. ಬಾಡಿಗೆಯ ಮಾತು ಆಮೇಲೆ ಆಡಿದೆವು.

ಪಕ್ಕದ ಮನೆಯಲ್ಲಿ ಐರ್ಲೆಂಡಿನಿಂದ ಬಂದು ನಲವತ್ತು ವರ್ಷ ಕಳೆದ ದಂಪತಿಗಳಿದ್ದರು. 2012ರ ಮಾರ್ಚ್ ಹದಿನೇಳು, ಶನಿವಾರ, ಬೇಲಿಯ ಆಚೆಯಿಂದ ಮುದುಕ ನಮ್ಮನ್ನು ಕರೆದ. ಅವತ್ತು ಅವರ ಸಂತ ಪ್ಯಾಟ್ರಿಕ್‌ನ ಹಬ್ಬ, ಮಕ್ಕಳು ಯಾರೂ ಬರುತ್ತಿಲ್ಲ, ಅಡುಗೆ ಹೆಚ್ಚಾಗಿದೆ, ನೀವು ಬನ್ನಿ ಎಂದ. ಹೋದೆವು. ನರ್ಸ್ ಗೆಳತಿ ಕ್ರೈಸ್ತಳು. ಊರಿನಲ್ಲಿ ಸಂತರ ಹಬ್ಬವೆಂದರೆ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಆಮೇಲೆ ಊಟ. ಪೂಜೆ ಎಷ್ಟು ಗಂಟೆಗೆ ಇತ್ತು ಎಂದು ಅವಳು ಮುದುಕನನ್ನು ಕೇಳಿದಳು. ಅದು ತನ್ನ ಹೆಂಡತಿಯ ಖಾತೆ ಎಂದು ಅವನು ನಕ್ಕು, ನಮ್ಮ ಮುಂದೆ ಕಪ್ಪು ಬೀರಿನ ಗ್ಲಾಸುಗಳನ್ನು ಇಟ್ಟ. ಮಾಂಸ ತಿನ್ನದ ನನಗೆ ಆಲೂಗಡ್ಡೆ ಮತ್ತು ಎಲೆಕೋಸು ಸಿಕ್ಕಿತು.

ಗೆಳೆಯ ತನ್ನ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದ.

"ಮಗಾ, ಇದು ಡಿಕಾಕ್ಷನ್ ಕಣೋ. ನಮ್ಮನೆ ಡಿಕಾಕ್ಷನ್."

ಅಂಥ ಬೀರಿಗೆ ಸ್ಟೌಟ್ ಎನ್ನುತ್ತಾರೆ. ಅವತ್ತಿನಿಂದ ಅವನಿಗೆ ಅದರ ಹುಚ್ಚು ಹಿಡಿಯಿತು. ಆಗ ಪರ್ತಿನಲ್ಲಿ ಸಣ್ಣ ಸಣ್ಣ ಬ್ರೂವರಿಗಳು ಏಳುತ್ತಿದ್ದ ಕಾಲ. ವಾರಾಂತ್ಯದಲ್ಲಿ ಅವನು ನನ್ನನ್ನು ಒಂದೊಂದು ಕಡೆ ಕರೆದುಕೊಂಡು ಹೋಗುತ್ತಿದ್ದ. ಮರದ ಹಲಗೆಯ ಮೇಲೆ ಆರು ಪುಟ್ಟ ಗ್ಲಾಸುಗಳು ಬರುತ್ತಿದ್ದವು. ಒಂದರಲ್ಲಿ ಕಿತ್ತಳೆ ಸಿಪ್ಪೆ, ಒಂದರಲ್ಲಿ ಹಲಸಿನ ಹಣ್ಣು, ಒಂದರಲ್ಲಿ ಸುಟ್ಟ ಬೆಲ್ಲದ ವಾಸನೆ ಅವನಿಗೆ ಗೊತ್ತಾಗುತ್ತಿತ್ತು. ಅವನು ಹೇಳಿದ ಮೇಲೆ ನನಗೂ ಗೊತ್ತಾಗುತ್ತಿತ್ತು. ನಾವು ಅದಕ್ಕೆ ಟೇಸ್ಟಿಂಗ್ ಎನ್ನುತ್ತಿದ್ದೆವು.

ಮೈಸೂರಿನ ನಮ್ಮ ಬೀದಿಯಲ್ಲಿ ಒಬ್ಬ ಗುಮಾಸ್ತನಿದ್ದ. ಸಂಬಳದ ದಿನ ಅವನನ್ನು ಇಬ್ಬರು ಹಿಡಿದುಕೊಂಡು ಮನೆಗೆ ತಂದು ಬಿಡುತ್ತಿದ್ದರು. ಅವನ ಹೆಂಡತಿ ಯಾರ ಮುಖವನ್ನೂ ನೋಡದೆ ಬಾಗಿಲು ತೆಗೆಯುತ್ತಿದ್ದಳು. ನನ್ನ ಮಟ್ಟಿಗೆ ಕುಡುಕ ಎಂದರೆ ಆ ಮನುಷ್ಯ, ಕುಡಿತ ಎಂದರೆ ಆ ಮನೆ. ಬೀರಿನಲ್ಲಿ ಹಲಸಿನ ಹಣ್ಣು ಹುಡುಕುವ ನನ್ನ ಗೆಳೆಯನಿಗೂ ಅದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ.

ಮರುವರ್ಷ ಅವನ ಕಂಪನಿ ಅವನನ್ನು ಬ್ರಿಸ್ಬೇನ್ ಕಡೆಗೆ ಕಳಿಸಿತು. ಅದೇ ವರ್ಷ ಮದುವೆಯಾಗಿ ಇಪ್ಸ್‌ವಿಚ್ ಹತ್ತಿರ ಮನೆ ಮಾಡಿದ. ಹೆಂಡತಿ ಬೆಂಗಳೂರಿನವಳು, ಸಾಫ್ಟ್‌ವೇರ್ ಕೆಲಸ, ದಿನಾ ಬ್ರಿಸ್ಬೇನಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ನರ್ಸ್ ಗೆಳತಿಗೆ ಅಡಿಲೇಡಿನ ಮಾಡ್ಬರಿಯಲ್ಲಿ ಕೆಲಸ ಸಿಕ್ಕಿ ಅವಳೂ ಹೋದಳು. ಮೂರು ಊರು, ಮೂರು ಮನೆ. ಸರದಿಯ ಮೇಲೆ ವರ್ಷಕ್ಕೊಮ್ಮೆ, ಪ್ಯಾಟ್ರಿಕ್‌ನ ಹಬ್ಬದ ಹತ್ತಿರದ ಶನಿವಾರ, ಒಬ್ಬರ ಮನೆಯಲ್ಲಿ ಸೇರುವುದು ಎಂದು ಮಾತಾಯಿತು. ಸಂತನ ಬಗ್ಗೆ ನಮಗಿಬ್ಬರಿಗೆ ಏನೂ ಗೊತ್ತಿರಲಿಲ್ಲ. ಸೇರುವುದಕ್ಕೆ ಒಂದು ದಿನ ಬೇಕಿತ್ತು, ಅಷ್ಟೆ.

2014ರಲ್ಲಿ ಅವನ ಮನೆಗೆ ಹೋದೆವು. ಕಾರು ಬಿಸಿಲಿನಲ್ಲಿ ನಿಂತಿತ್ತು. ಗ್ಯಾರೇಜಿನ ತುಂಬ ಪ್ಲಾಸ್ಟಿಕ್ ಡ್ರಮ್ಮುಗಳು, ನಳಿಗೆಗಳು, ಗೋಡೆಯ ಉದ್ದಕ್ಕೂ ಬಾಟಲಿ. ಅವನು ಮನೆಯಲ್ಲೇ ಬೀರು ಮಾಡುವುದನ್ನು ಕಲಿತಿದ್ದ. ಬಾರ್ಲಿಯ ಜೊತೆ ರಾಗಿ ಸೇರಿಸಿ ಹಬ್ಬಕ್ಕೆಂದೇ ಒಂದು ಸ್ಟೌಟ್ ಮಾಡಿದ್ದ. ಮಗುವಿಗೆ ಸರಿ ಮಾಡಲು ಅಜ್ಜಿಯರು ಮಾಡುವಂತೆ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದಿದ್ದನಂತೆ. ಬಹಳ ಚೆನ್ನಾಗಿತ್ತು. ಇವತ್ತಿಗೂ ಅದನ್ನು ಸುಳ್ಳು ಎನ್ನಲಾರೆ. ಅಲ್ಲಿನ ಮನೆ-ಬೀರಿನ ಸ್ಪರ್ಧೆಯೊಂದರಲ್ಲಿ ಅದಕ್ಕೆ ಎರಡನೇ ಬಹುಮಾನವೂ ಬಂದಿತ್ತು. ನಾನು ಮೂರು ಗ್ಲಾಸು ಕುಡಿದೆ. ನರ್ಸ್ ಯಾವಾಗಲೂ ಒಂದಕ್ಕೇ ನಿಲ್ಲಿಸುವವಳು, ಅವತ್ತೂ ನಿಲ್ಲಿಸಿದಳು. ಅವನು ಎಷ್ಟು ಕುಡಿದನೋ ನಾನು ನೋಡಲಿಲ್ಲ. ಅವನ ಮಾತು ತೊದಲಲಿಲ್ಲ, ಕಾಲು ತೂರಾಡಲಿಲ್ಲ.

ಮಧ್ಯಾಹ್ನ ನೀರು ತರಲು ಅಡುಗೆಮನೆಗೆ ಹೋದಾಗ ಅವನ ಹೆಂಡತಿ ಹಪ್ಪಳ ಕರಿಯುತ್ತಿದ್ದಳು. ಬಾಣಲೆಯಿಂದ ಕಣ್ಣೆತ್ತದೆ ಹೇಳಿದಳು.

"ನೀವೊಂದು ಮಾತು ಹೇಳಿ ಅವ್ರಿಗೆ. ದಿನಾ ಕುಡೀತಾರೆ. ಸಂಜೆ ನಾನು ಬರೋಷ್ಟ್ರಲ್ಲಿ ಗ್ಯಾರೇಜಲ್ಲಿ ಇರ್ತಾರೆ. ನಾನು ಹೇಳಿದ್ರೆ ನಿನಗೆ ಅರ್ಥ ಆಗಲ್ಲ ಅಂತಾರೆ."

"ಅಯ್ಯೋ, ಬೀರು ತಾನೆ? ಹಾಬಿ ಅದು. ಕೆಲವರು ಗಿಡ ಬೆಳೆಸ್ತಾರೆ, ಇವನು ಬೀರು ಮಾಡ್ತಾನೆ," ಎಂದೆ.

ಅವಳು ಹಪ್ಪಳ ತೆಗೆದು ತಟ್ಟೆಗೆ ಹಾಕಿದಳು. ಮತ್ತೆ ಕೇಳಲಿಲ್ಲ. ನಾನು ಆ ಹಪ್ಪಳದ ತಟ್ಟೆಯನ್ನೇ ಹಿಡಿದುಕೊಂಡು ಹೊರಗೆ ಬಂದು ಅವನ ಮುಂದೆ ಇಟ್ಟೆ.

ಮುಂದಿನ ವರ್ಷದ ಹೊತ್ತಿಗೆ ಗಣಿ ಕೆಲಸಗಳು ಕುಸಿದಿದ್ದವು. ಪರ್ತಿನಲ್ಲಿ ನನ್ನ ಕಚೇರಿಯ ಅರ್ಧ ಕುರ್ಚಿಗಳು ಖಾಲಿಯಾದವು. ಅವನ ಕಂಪನಿ ಇಪ್ಸ್‌ವಿಚ್ ಶಾಖೆಯನ್ನೇ ಮುಚ್ಚಿತು. ಆ ಸಲ ಸೇರುವ ಸರದಿ ನನ್ನದಾಗಿತ್ತು, ಅವನು ಬರಲಿಲ್ಲ. ಇಂಟರ್‌ವ್ಯೂ ಇದೆ ಎಂದ. ಆಮೇಲೆ ಒಂದು ಗೋದಾಮಿನಲ್ಲಿ ಬೆಳಗಿನ ಪಾಳಿಗೆ ಸೇರಿದ. ಪೆಟ್ಟಿಗೆಗಳ ಮೇಲಿನ ಚೀಟಿ ನೋಡಿ ಸಾಲಿನಲ್ಲಿ ಇಡುವ ಕೆಲಸ. ಫೋನಿನಲ್ಲಿ ಅದರ ಬಗ್ಗೆ ನಗಾಡುತ್ತಿದ್ದ. "ಮಧ್ಯಾಹ್ನ ಎರಡು ಗಂಟೆಗೆ ಮನೇಲಿರ್ತೀನಿ ಕಣೋ, ಇದಕ್ಕಿಂತ ಲೈಫ್ ಬೇಕಾ?" ಎನ್ನುತ್ತಿದ್ದ. ಎರಡು ಗಂಟೆಗೆ ಮನೆಗೆ ಬಂದು ಏನು ಮಾಡುತ್ತೀಯ ಎಂದು ನಾನು ಕೇಳಲಿಲ್ಲ.

2016ರಲ್ಲಿ ಮಾಡ್ಬರಿಯ ಗೆಳತಿಯ ಮನೆ. ಅಂಗಳದಲ್ಲಿ ಮೇಜು ಹಾಕಿ, ಆ ಹಬ್ಬದ ಬಣ್ಣವೆಂದು ಹಸಿರು ಕಾಗದದ ಎಲೆಗಳನ್ನು ಕತ್ತರಿಸಿ ಕಟ್ಟಿದ್ದಳು. ಅವನು ಒಬ್ಬನೇ ಬಂದಿದ್ದ. ವಿಮಾನ ನಿಲ್ದಾಣದಲ್ಲಿ ನಾನು ಅವನನ್ನು ಗುರುತಿಸಲು ಒಂದು ಕ್ಷಣ ತಡವಾಯಿತು. ಮುಖ, ಕೈಕಾಲು ಇಳಿದಿದ್ದವು. ಹೊಟ್ಟೆ ಮಾತ್ರ ಅಂಗಿಯ ಗುಂಡಿಗಳನ್ನು ಎಳೆಯುತ್ತಿತ್ತು. ಬಟ್ಟೆಯ ಮಧ್ಯೆ ಸುತ್ತಿ ಆರು ಬಾಟಲಿ ತಂದಿದ್ದ. ಎಲ್ಲವನ್ನೂ ಸಾಲಾಗಿ ಇಟ್ಟು ಒಂದೊಂದರ ಕಥೆ ಹೇಳತೊಡಗಿದ. ನಾನು ಮೊದಲನೆಯದನ್ನು ಬಗ್ಗಿಸಿದೆ.

ಗೆಳತಿ ಎದ್ದು ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು.

"ಎಂತ ಮಾರಾಯ, ನಿನ್ನ ಕಣ್ಣು ಹಳದಿ ಉಂಟಲ್ಲ!"

"ನಿದ್ದೆ ಇಲ್ಲ ಕಣೇ. ಬೆಳಿಗ್ಗೆ ಫ್ಲೈಟು."

"ನಿದ್ದೆಗೆ ಕೆಂಪಾಗ್ತದೆ, ಹಳದಿ ಆಗುವುದಿಲ್ಲ. ಏಳು. ಈಗಲೇ ಆಸ್ಪತ್ರೆಗೆ ಹೋಗುವ."

ಅವನು ಏಳಲಿಲ್ಲ. ಊರಿಗೆ ಹೋಗಿ ತೋರಿಸುತ್ತೇನೆ ಎಂದ, ಹಬ್ಬ ಕೆಡಿಸಬೇಡ ಎಂದ, ನರ್ಸುಗಳಿಗೆ ಎಲ್ಲರೂ ರೋಗಿಗಳೇ ಎಂದು ನಕ್ಕ. ಅವಳು ಮೇಜಿನ ಮೇಲಿನ ಬಾಟಲಿಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅವನು ನನ್ನ ಗ್ಲಾಸಿನಲ್ಲಿ ಉಳಿದಿದ್ದನ್ನು ಎತ್ತಿಕೊಂಡು ಒಂದೇ ಸಲಕ್ಕೆ ಕುಡಿದ. ಅಷ್ಟು ವರ್ಷದಲ್ಲಿ ಅವನು ವಾಸನೆ ನೋಡದೆ ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಬ್ರಿಸ್ಬೇನಿನಲ್ಲಿ ಡಾಕ್ಟರು ಸಿರೋಸಿಸ್ ಎಂದರು. ಯಕೃತ್ತು ಒಣಗಿ ಗಟ್ಟಿಯಾಗಿದೆ, ಒಂದು ಹನಿಯೂ ಮುಟ್ಟಬಾರದು. ಅವನು ಐದು ತಿಂಗಳು ಮುಟ್ಟಲಿಲ್ಲ. ಆ ಐದು ತಿಂಗಳು ನನಗೆ ಫೋನೂ ಮಾಡಲಿಲ್ಲ. ನಾನು ಮಾಡಿದರೆ ಎರಡು ಮಾತಾಡಿ ಇಡುತ್ತಿದ್ದ. ನಮ್ಮ ಮಧ್ಯೆ ಮಾತಾಡಲು ಬೇರೇನೂ ಉಳಿದಿರಲಿಲ್ಲವೇನೋ. ಆರನೇ ತಿಂಗಳು ಒಂದು ದಿನ ಅವನೇ ಫೋನು ಮಾಡಿ ತುಂಬಾ ಹೊತ್ತು ಸಂತೋಷವಾಗಿ ಮಾತಾಡಿದ. ಇಟ್ಟ ಮೇಲೆ ನನಗೆ ಅರ್ಥವಾಯಿತು. ಅವನ ಹೆಂಡತಿಗೆ ತಿಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಅವಳಿಗೆ ಗೊತ್ತೇ ಇರುತ್ತದೆ ಎಂದು ಸುಮ್ಮನಾದೆ.

2017ರ ಮಾರ್ಚಿನಲ್ಲಿ ಇಪ್ಸ್‌ವಿಚ್‌ನಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ನಾನು ರಜೆ ಹಾಕಿ ಪರ್ತಿನಿಂದ ಹೋದೆ. ಹಗಲು ನಾನು ಅವನ ಹತ್ತಿರ ಕೂರುತ್ತಿದ್ದೆ, ಆ ಹೊತ್ತಿನಲ್ಲಿ ಅವನ ಹೆಂಡತಿ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದಳು. ಚರ್ಮ ಅರಿಶಿನ ಹಚ್ಚಿದಂತೆ ಆಗಿತ್ತು. ಕೆಲವು ಸಲ ಅವನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯುತ್ತಿರಲಿಲ್ಲ. ಕಾಲೇಜಿನ ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿಸಿದೆಯಾ ಎಂದು ಕೇಳುತ್ತಿದ್ದ. ಹಾಕಿಸಿದೆ ಎನ್ನುತ್ತಿದ್ದೆ.

ಹದಿನೇಳನೇ ತಾರೀಖು, ಶುಕ್ರವಾರ, ಊಟದ ಗಾಡಿ ತಳ್ಳಿಕೊಂಡು ಬಂದ ಹೆಂಗಸು ತಲೆಗೆ ಹಸಿರು ಪಟ್ಟಿ ಕಟ್ಟಿದ್ದಳು. ಟ್ರೇಯಲ್ಲಿ ಹಸಿರು ಜೆಲ್ಲಿ ಇತ್ತು. ಅವನು ಅದನ್ನು ನೋಡಿದ, ಅವಳ ತಲೆ ನೋಡಿದ. ಅವತ್ತು ಬುದ್ಧಿ ಸ್ವಚ್ಛವಾಗಿತ್ತು.

"ಇವತ್ತೇನಾ?"

"ಹ್ಞೂಂ."

"ನಿನ್ನ ಸರದಿನೋ, ನನ್ನದೋ?"

"ನಿಂದೇ ಕಣೋ. ಅದಕ್ಕೇ ಬಂದಿದ್ದೀನಿ."

ನಗಲು ಹೋಗಿ ಕೆಮ್ಮಿದ. ಚಮಚೆಯಲ್ಲಿ ಜೆಲ್ಲಿ ಕೊಟ್ಟೆ, ಬೇಡ ಎಂದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಅಂಗಿಯ ತುದಿ ಹಿಡಿದುಕೊಂಡ.

"ಅಮ್ಮಂಗೆ ಹೇಳ್ಬೇಡ. ಜಾಂಡೀಸ್ ಅಂತ ಹೇಳಿದ್ದೀನಿ. ಅಷ್ಟೇ ಇರ್ಲಿ."

"ಹೇಳಲ್ಲ."

"ಆಣೆ ಮಾಡು."

ಆಣೆ ಮಾಡಿದೆ. ಮೂರು ದಿನಕ್ಕೆ ಅವನು ಹೋದ. ಮೂವತ್ತೈದು ತುಂಬಿರಲಿಲ್ಲ.

ಅವನ ತಂದೆ ಎಂದೋ ತೀರಿಕೊಂಡಿದ್ದರು. ತಾಯಿ ಮೈಸೂರಿನಲ್ಲಿ ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು, ಮಗಳ ಜೊತೆ ಇದ್ದರು. ವೀಸಾ ಬರುವುದು ತಡವಾಗಿ, ಮಗ ಹೋದ ನಾಲ್ಕನೇ ದಿನ ಬರುವುದೆಂದಾಯಿತು. ಅಲ್ಲಿಯವರೆಗೆ ದೇಹವನ್ನು ಇಟ್ಟುಕೊಂಡು ಕಾಯಬೇಕಿತ್ತು. ಅವರು ಬರುವ ಹಿಂದಿನ ದಿನ ಅಡಿಲೇಡಿನಿಂದ ಗೆಳತಿಯೂ ಬಂದಳು. ನಾವು ಮೂವರು, ಅವನ ಹೆಂಡತಿ, ನಾನು, ಅವಳು, ಗ್ಯಾರೇಜಿನ ಬಾಗಿಲು ಎತ್ತಿದೆವು.

ಡ್ರಮ್ಮುಗಳನ್ನು ಕಸದ ಯಾರ್ಡಿಗೆ ಸಾಗಿಸಿದೆ. ಬಾಟಲಿಗಳು ಉಳಿದವು. ಗ್ಯಾರೇಜಿನ ಹಿಂದೆ ನೀರು ಹೋಗುವ ಬಚ್ಚಲ ಜಾಲರಿಯ ಹತ್ತಿರ ಕೂತು ಒಂದೊಂದನ್ನೇ ತೆರೆದು ಸುರಿದೆವು. ಕಪ್ಪು ನೊರೆ ಜಾಲರಿಯ ಮೇಲೆ ನಿಂತು ಮೆಲ್ಲಗೆ ಇಳಿಯುತ್ತಿತ್ತು. ಪ್ರತಿ ಬಾಟಲಿಯ ಮೇಲೂ ಅವನ ಕೈಬರಹದ ಚೀಟಿ. ಕನ್ನಡದಲ್ಲಿ ಬರೆದಿದ್ದ: ರಾಗಿ, ಎರಡನೇ ಸಲ; ರಾಗಿ, ಏಲಕ್ಕಿ ಜಾಸ್ತಿ ಆಯ್ತು. ಅವನ ಹೆಂಡತಿ ಚೀಟಿಗಳನ್ನು ಓದಲಿಲ್ಲ. ಗೆಳತಿ ಓದಿದಳು, ಒಂದು ಬಾಟಲಿ ಸುರಿಯದೆ ಕೈಯಲ್ಲಿ ಹಿಡಿದುಕೊಂಡಳು.

"ಇದೇ ಮನೆಯಲ್ಲಿ ನಾನು ಅವನ ಅಂಗೈ ನೋಡಿದ್ದೆ," ಎಂದಳು. "ಮೂರು ವರ್ಷದ ಹಿಂದೆ. ಕೆಂಪು ಇತ್ತು. ಲಿವರ್ ಹಾಳಾಗ್ಲಿಕ್ಕೆ ಶುರುವಾದ್ರೆ ಹಾಗಾಗ್ತದೆ. ನನಗೆ ಗೊತ್ತುಂಟು, ದಿನಾ ನೋಡ್ತೇನೆ. ಬಾಟಲಿ ತೊಳೆದು ತೊಳೆದು ಕೆಂಪಾಗಿರ್ಬೇಕು ಅಂತ ನನಗೆ ನಾನೇ ಹೇಳಿಕೊಂಡೆ."

ಅವನ ಹೆಂಡತಿ ತಲೆಯೆತ್ತಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೊಂದು ಬಾಟಲಿಯ ಮುಚ್ಚಳ ತೆಗೆದಳು. ನೆಲಕ್ಕೆ ಸೋಪಿನ ಪುಡಿ ಹಾಕಿ ಎರಡು ಸಲ ಉಜ್ಜಿದೆವು.

ತಾಯಿ ಬಂದರು. ಚಿತಾಗಾರದಲ್ಲಿ ಗುಂಡಿ ಒತ್ತುವ ಕೆಲಸ ನನಗೆ ಬಂತು. ಅದನ್ನು ಇಲ್ಲಿ ಬರೆಯಲಾರೆ. ಗೆಳತಿ ಮರುದಿನ ಹೊರಟಳು, ನಾನು ಉಳಿದೆ.

ಮನೆಯಲ್ಲಿ ತಾಯಿ ಅಳುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದರು. ಸೊಸೆ ಏನು ಅಡುಗೆ ಮಾಡಿ ಹಾಕುತ್ತಿದ್ದಳು, ಎಣ್ಣೆ ಯಾವುದು, ಬೆಳಿಗ್ಗೆ ಅವನು ತಿಂಡಿ ತಿಂದು ಹೋಗುತ್ತಿದ್ದನೋ ಇಲ್ಲವೋ. ಸೊಸೆ ಒಂದಕ್ಕೂ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗಲೇ ಅವರು ಅವಳಿಗೆ ಹೇಳಿದರು: "ದಿನಾ ರೈಲು ಹತ್ತಿ ಹೋಗ್ತಿದ್ದೆ. ಗಂಡನ ಮೈ ಹಳದಿ ತಿರುಗೋದು ನೋಡೋಕೆ ನಿನಗೆ ಟೈಮೆಲ್ಲಿತ್ತು?"

ಅವಳು ಎದ್ದು ಕೋಣೆಗೆ ಹೋದಳು. ತಾಯಿ ನನ್ನ ಕಡೆ ತಿರುಗಿದರು. ಕಾಲೇಜಿನ ದಿನಗಳಲ್ಲಿ ಎಷ್ಟೋ ಸಲ ನನಗೆ ಊಟ ಬಡಿಸಿದವರು.

"ಅವಳನ್ನ ಅಂದು ಏನು ಪ್ರಯೋಜನ, ಬಿಡು. ತಪ್ಪು ನಂದು. ಹೋದ ವರ್ಷ ಫೋನಲ್ಲಿ ಮುಖ ನೋಡಿದಾಗಲೇ ಕಣ್ಣು ಹಳದಿ ಕಾಣ್ತಿತ್ತು ನನಗೆ. ಕೇಳ್ದೆ. ಬಲ್ಬಿನ ಬೆಳಕಮ್ಮ ಅಂದ. ನಂಬ್ಬಿಟ್ಟೆ. ನಮ್ಮ ಕಾಂಪೌಂಡಿನ ತುಂಬ ನೆಲನೆಲ್ಲಿ ಬೆಳ್ದಿದೆ ಕಣಪ್ಪ. ಕಾಮಾಲೆಗೆ ಊರಿಗೆಲ್ಲ ಕಿತ್ತು ಕೊಟ್ಟಿದ್ದೀನಿ. ಒಣಗಿಸಿ ಒಂದು ಡಬ್ಬಿ ಕಳಿಸಿದ್ರೆ ನನ್ನ ಮಗ ಉಳೀತಿದ್ದ."

ನಾನು ಲೋಟ ಕೆಳಗಿಟ್ಟೆ. ಆಣೆ ನೆನಪಿತ್ತು.

"ನೆಲನೆಲ್ಲಿಯಿಂದ ಆಗ್ತಿರಲಿಲ್ಲ ಆಂಟಿ," ಎಂದೆ. "ಕುಡೀತಿದ್ದ."

ಆ ಮಾತು ನನ್ನ ಬಾಯಿಂದ ಅವನ ಬಗ್ಗೆ ಹೊರಟದ್ದು ಅದೇ ಮೊದಲು.

ಅವರು ಕೇಳಿದ್ದು ಮೇಷ್ಟರ ದನಿಯಲ್ಲಿ.

"ಎಷ್ಟು ವರ್ಷದಿಂದ?"

"ಐದು."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಜೊತೆಗೆ ಕುಡೀತಿದ್ಯಾ?"

"ಹೌದು ಆಂಟಿ."

"ಅವಳು?"

"ಅವಳು ಮೂರು ವರ್ಷದ ಹಿಂದೆನೇ ನನ್ನ ಹತ್ರ ಹೇಳಿದ್ಲು, ನೀವೊಂದು ಮಾತು ಹೇಳಿ ಅಂತ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವರು ಮೇಜಿಗೆ ಕೈ ಊರಿ ಎದ್ದರು. ಸೊಸೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಳು ಕೇಳಲಿಲ್ಲ, ತಗ್ಗಿದ ದನಿಯ ಮಾತು ಮಾತ್ರ ಕೇಳುತ್ತಿತ್ತು. ನಾನು ಕಾಫಿ ಲೋಟಗಳನ್ನು ತೊಳೆದಿಟ್ಟೆ. ಒಂದು ಗಂಟೆಯಾದ ಮೇಲೆ ಅವನ ಹೆಂಡತಿ ಹೊರಗೆ ಬಂದಳು. ಅವಳಿಗೆ ಸಮಾಧಾನವಾಗಿರಬಹುದು, ಆರೋಪ ಇಳಿಯಿತಲ್ಲ ಎಂದು ನಾನು ಅಂದುಕೊಂಡಿದ್ದೆ.

"ನಿಮಗೆ ಹಗುರ ಆಯ್ತಲ್ಲ," ಎಂದಳು.

"ಅವರು ನಿಮ್ಮನ್ನ ಅಂತಿದ್ರು. ತಮ್ಮನ್ನೂ ಅಂದ್ಕೊಳ್ತಿದ್ರು. ನೋಡೋಕಾಗ್ಲಿಲ್ಲ."

"ನಾನು ಅನ್ನಿಸ್ಕೊಳ್ತಿದ್ದೆ. ಬಿಡಿಸಿ ಅಂತ ನಾನು ನಿಮ್ಮನ್ನ ಕೇಳಿದ್ನಾ? ಅವ್ರು ಕೊನೇಗೆ ಕೇಳಿದ್ದು ಅದೊಂದೇ, ಅಮ್ಮಂಗೆ ಗೊತ್ತಾಗ್ಬಾರ್ದು ಅಂತ. ಕುಡಿಯೋದನ್ನ ತಡೆಯೋಕೆ ನನ್ನ ಕೈಲಿ ಆಗ್ಲಿಲ್ಲ. ಇದೊಂದು ನನ್ನ ಕೈಲಿತ್ತು. ಹೇಳ್ಬೇಕಾದಾಗ ನೀವು ಹೇಳಲಿಲ್ಲ, ಹೇಳಬಾರ್ದಾಗ ಹೇಳಿದ್ರಿ. ಹೊರಡಿ ಇನ್ನು."

ಬ್ಯಾಗು ತೆಗೆದುಕೊಂಡು ತಾಯಿಯ ಕಾಲಿಗೆ ನಮಸ್ಕಾರ ಮಾಡಲು ಬಾಗಿಲ ಹತ್ತಿರ ನಿಂತೆ. ಅವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗಲಿಲ್ಲ. ಅಲ್ಲಿಂದಲೇ ಕೈಮುಗಿದು ಹೊರಟೆ.

ಅತ್ತೆ ಸೊಸೆ ವೀಸಾ ಮುಗಿಯುವವರೆಗೆ ಆ ಮನೆಯಲ್ಲಿ ಒಟ್ಟಿಗೆ ಇದ್ದರು ಎಂದು ಗೆಳತಿ ಹೇಳಿದಳು. ಅವರಿಬ್ಬರೂ ಈಗ ಗೆಳತಿಗೆ ಮಾತ್ರ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಾರೆ. ಸೊಸೆ ಆ ಮನೆ ಬಿಟ್ಟು ಬ್ರಿಸ್ಬೇನಿಗೆ ಹೋಗಿದ್ದಾಳೆ. ನಾನು ಅವಳಿಗೆ ಎರಡು ಸಲ ಮೆಸೇಜು ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಗೆಳತಿಯೂ ನಾನೂ ಫೋನಿನಲ್ಲಿ ಮಾತಾಡಿದೆವು. ಅವಳ ಡ್ಯೂಟಿ, ನನ್ನ ಹೊಸ ಆಫೀಸು, ಅಷ್ಟೆ. ಸೇರುವ ಮಾತು ಅವಳೂ ಎತ್ತಲಿಲ್ಲ.

ನಾನು ಬೀರು ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಒಂದು ವರ್ಷ ಬಿಟ್ಟಿದ್ದೆ. ಈಗ ಶುಕ್ರವಾರ ಆಫೀಸಿನವರ ಜೊತೆ ಹೋದರೆ ಒಂದು ತೆಗೆದುಕೊಳ್ಳುತ್ತೇನೆ. ಯಾವುದು ಬೇಕು ಎಂದು ಕೇಳಿದರೆ ಯಾವುದಾದರೂ ಸರಿ ಎನ್ನುತ್ತೇನೆ. ಎರಡನೆಯದಕ್ಕೆ ಕರೆದರೆ ಕಾರು ತಂದಿದ್ದೇನೆ ಎಂದು ಹೇಳಿ ಏಳುತ್ತೇನೆ.